ಪಕ್ಕದ ಕುರ್ಚಿ

ಹೇಳಬೇಕಾದದ್ದು ಎರಡೇ ವಾಕ್ಯ. ಸರ್, ನಿಮ್ಮ ಮೇಲೆ ನನಗಿರುವ ಗೌರವ ನಿಮಗೆ ಗೊತ್ತೇ ಇದೆ ಎನ್ನುವುದು ಒಂದು. ಮುಂದಿನ ತಿಂಗಳಿಂದ ನಾನು ಪ್ರೊಫೆಸರಮ್ಮನವರ ವಿಭಾಗಕ್ಕೆ ಸೇರುತ್ತಿದ್ದೇನೆ ಎನ್ನುವುದು ಇನ್ನೊಂದು. ಹಲ್ಲುಜ್ಜುತ್ತ ಕನ್ನಡಿಯ ಮುಂದೆ ನಿಂತು ಅವಳು ಗೌರವವನ್ನು ಮೊದಲಿಟ್ಟು ನೋಡಿದಳು. ಹಾಗೆ ಶುರುಮಾಡಿದರೆ ಹಿಂದೆಯೇ ಏನೋ ಏಟು ಬೀಳಲಿದೆ ಎಂದು ಎಂಥವರಿಗೂ ತಿಳಿದುಬಿಡುತ್ತದೆ. ಸೇರುವುದನ್ನು ಮೊದಲಿಟ್ಟು ನೋಡಿದಳು; ಆಗ ಗೌರವ ಎನ್ನುವುದು ಏಟು ಬಿದ್ದ ಜಾಗಕ್ಕೆ ತಡವಾಗಿ ಹಚ್ಚಿದ ಮುಲಾಮು. ಪ್ರೋಗ್ರಾಮಿನ ಸಾಲುಗಳು ಹಿಂದುಮುಂದಾದರೂ ಉತ್ತರ ಬದಲಾಗಕೂಡದು ಎನ್ನುವುದು ಮೇಷ್ಟ್ರು ತಮ್ಮ ಆಯುಷ್ಯವನ್ನೆಲ್ಲ ತೇಯ್ದ ಸಿದ್ಧಾಂತ. ಅದೇ ಸಿದ್ಧಾಂತದ ಮೇಲೆ ಅವರ ಕೈಕೆಳಗೇ ಡಾಕ್ಟರೇಟು ಪಡೆದವಳು, ಎರಡೇ ಎರಡು ವಾಕ್ಯಗಳನ್ನು ಯಾವ ಕ್ರಮದಲ್ಲಿ ಹೇಳಬೇಕೆಂದು ತಿಳಿಯದೆ ಬಾಯಿತುಂಬ ನೊರೆ ಕಟ್ಟಿಕೊಂಡು ನಿಂತಿದ್ದಳು. ನೀರು ಸುಮ್ನೆ ಹರೀತಿದೆ ಕಣೇ, ಎಂದಳು ಅಮ್ಮ ಬಾಗಿಲಾಚೆಯಿಂದ.

ತಿಂಡಿಯ ಮೇಜಿನಲ್ಲಿ ಗಂಡ ಯಾರದೋ ಕನ್ನಡಕದ ಸಡಿಲವಾದ ತಿರುಪನ್ನು ಬಿಗಿಮಾಡುತ್ತ ಕುಳಿತಿದ್ದ. ಪೇಟೆಯ ತಿರುವಿನಲ್ಲಿ ಅವನದೊಂದು ಕನ್ನಡಕದ ಅಂಗಡಿ. ಮನೆಗೆ ಹೊತ್ತು ತರುವ ಕೆಲಸವೆಂದರೆ ಅವನಿಗೆ ಇಂಥ ಚೂರುಪಾರು ತಿರುಪುಗಳೇ. ಇವತ್ತಾದರೂ ಹೇಳುತ್ತೀಯೋ ಇಲ್ಲವೋ ಎಂದು ಅವನು ಕೇಳಲಿಲ್ಲ, ತಲೆಯೆತ್ತಿ ನೋಡಿದ ಅಷ್ಟೆ, ಅದು ಕೇಳಿದ್ದಕ್ಕಿಂತ ಜಾಸ್ತಿಯಾಯಿತು. ಊಟ ಆದ ಮೇಲೆ ಹೇಳುತ್ತೇನೆ ಎಂದಳು. ಹಸಿದ ಹೊಟ್ಟೆಯಲ್ಲಿ ಅವರಿಗೆ ಇದನ್ನು ಕೇಳಿಸುವುದು ಬೇಡ.

"ನಾನು ದಿನಾ ಜನಕ್ಕೆ ಹೇಳ್ತೀನಲ್ಲ, ನಿಮ್ಮ ಕಣ್ಣು ಇನ್ನೂ ಸ್ವಲ್ಪ ಮಂಜಾಗಿದೆ ಅಂತ," ಎಂದ ಅವನು. "ಮೊದಲು ಮುಖ ಸಪ್ಪೆ ಮಾಡ್ಕೋತಾರೆ. ಆಮೇಲೆ ನೋಡಿದ್ರೆ ಕನ್ನಡಿ ಮುಂದೆ ಕೂತು ಫ್ರೇಮು ಆರಿಸ್ತಿರ್ತಾರೆ."

ಆ ಮನುಷ್ಯ ಫ್ರೇಮು ಆರಿಸುವ ಪೈಕಿ ಅಲ್ಲ ಎಂದು ಅಮ್ಮ ಒಲೆಯ ಕಡೆಯಿಂದಲೇ ತೀರ್ಪು ಕೊಟ್ಟಳು. ಮೇಷ್ಟ್ರು ಮನೆಗೆ ಬಂದಾಗಲೆಲ್ಲ ಅಮ್ಮನಿಗೆ ಅವರ ಜೊತೆ ಒಂದು ಪ್ರೀತಿಯ ಜಗಳ ಇದ್ದೇ ಇತ್ತು. ಒಮ್ಮೆ ಅವರು ಕಾಫಿಗೆ ಸಕ್ಕರೆ ಸರಿಯಾಗಿದೆಯೇ ಎಂದು ಕೇಳಿದ ಅಮ್ಮನಿಗೆ, ಸಕ್ಕರೆ ಹಾಕಿ ಕಾಫಿ ಮಾಡುವುದು ಯಾರಿಗಾದರೂ ಬರುತ್ತದೆ, ಈ ಕಾಫಿ ಕುಡಿದು ಎಷ್ಟು ಸಕ್ಕರೆ ಹಾಕಿದ್ದಿರಿ ಅಂತ ನಾನು ಹೇಳುತ್ತೇನೆ ನೋಡಿ, ನಮ್ಮ ಕಂಪ್ಯೂಟರ್ ಭಾಷೆಗಳು ಮಾಡುವ ಕೆಲಸ ಅದು, ಎಂದು ವಿವರಿಸಿ, ಒಂದು ಗುಟುಕು ಕುಡಿದು, ಎರಡು ಚಮಚ ಎಂದಿದ್ದರು. ಅಮ್ಮ ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಅಂದಿನಿಂದ ಮಗಳ ವಿದ್ಯೆಯ ಬಗ್ಗೆ ಅಮ್ಮನಿಗೆ ಇದ್ದ ಭಯಭಕ್ತಿ ಪೂರ್ತಿ ಇಳಿದುಹೋಗಿ, ಮೇಷ್ಟ್ರ ಮೇಲೆ ಅಕ್ಕರೆ ಹುಟ್ಟಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸೇತುವೆ ಹತ್ತಿದ ಕೂಡಲೆ ನದಿಯ ಆಚೆ ಪ್ರೊಫೆಸರಮ್ಮನ ವಿಶ್ವವಿದ್ಯಾಲಯದ ಕೆಂಪಿಟ್ಟಿಗೆಯ ಕಟ್ಟಡ ಕಾಣುತ್ತದೆ. ಇಷ್ಟು ವರ್ಷ ಅದನ್ನು ಅವಳು ನೋಡಿಯೂ ನೋಡದ ಹಾಗೆ ದಾಟಿ ಬಂದಿದ್ದಳು, ಮೇಷ್ಟ್ರ ಶಿಷ್ಯರೆಲ್ಲ ಹಾಗೇ. ಈಗ ಅದರ ಮೂರನೆಯ ಮಹಡಿಯಲ್ಲಿ ಯಾವ ಕಿಟಕಿ ತನ್ನದಾಗಬಹುದು ಎಂದು ಹುಡುಕುತ್ತಿದ್ದ ತನ್ನ ಕಣ್ಣನ್ನು ತಾನೇ ಹಿಡಿದು, ಕೂಡಲೆ ಮುಂದಿನ ಸೀಟಿನವನ ಕತ್ತಿನ ಮೇಲೆ ಇಟ್ಟಳು. ಹೋಗುವುದಕ್ಕೆ ಕಾರಣ ನಾಚಿಕೆಪಡುವಂಥದ್ದೇನಲ್ಲ. ಇಲ್ಲಿ ಈ ವಿಷಯ ಓದಲು ಬರುವವರೇ ಇಲ್ಲವಾಗಿದ್ದರು. ಹೋದ ವರ್ಷ ಖಾಲಿ ತರಗತಿಯ ಮುಂದೆ ನಿಂತು ಒಬ್ಬಳೇ ಹುಡುಗಿಗೆ ಅವಳು ಪಾಠ ಮಾಡಿದ್ದಳು, ಆ ಹುಡುಗಿಗೆ ಜ್ವರ ಬಂದ ದಿನ ಬೋರ್ಡಿಗೆ. ಅಲ್ಲಿ ಕೋಣೆ ತುಂಬುವಷ್ಟು ಜನ. ಪ್ರೊಫೆಸರಮ್ಮ ಫೋನು ಮಾಡಿ, ಬರ್ತೀಯೇನಮ್ಮ, ಎಂದಷ್ಟೇ ಕೇಳಿದ್ದರು. ಯೋಚಿಸುತ್ತೇನೆ ಎನ್ನುವುದಕ್ಕೆ ಬಾಯಿ ತೆರೆದವಳು ಬರ್ತೀನಿ ಎಂದುಬಿಟ್ಟಿದ್ದಳು. ಆಮೇಲೆ ಫೋನಿಟ್ಟು, ಅಂಗಳದಲ್ಲಿ ಒಣಗಿದ್ದ ಬಟ್ಟೆಗಳನ್ನು ತೆಗೆದು ಮಡಿಸಿ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದ್ದಳು.

ಮೇಷ್ಟ್ರೂ ಪ್ರೊಫೆಸರಮ್ಮನೂ ಪ್ರಾಯದಲ್ಲಿ ಒಂದೇ ಕೋಣೆಯಲ್ಲಿ ಕುಳಿತು ಒಂದೇ ಭಾಷೆಯನ್ನು ಕಟ್ಟಿದವರು. ಯಂತ್ರಕ್ಕೆ ಹೀಗೆ ಮಾಡು, ಆಮೇಲೆ ಹಾಗೆ ಮಾಡು ಎಂದು ಹೇಳುವ ಭಾಷೆಯಲ್ಲ ಅದು. ಯಾವುದಕ್ಕೆ ಯಾವುದರ ಜೊತೆ ಏನು ಸಂಬಂಧ ಎಂದು ಬರೆದಿಟ್ಟು, ಬೇಕಾದ ಕಡೆಯಿಂದ ಪ್ರಶ್ನೆ ಕೇಳುವ ಭಾಷೆ. ಉತ್ತರ ಹುಡುಕಲು ಯಂತ್ರದ ಮುಂದೆ ನೂರು ದಾರಿ ಇರುತ್ತವಲ್ಲ, ಅಲ್ಲೇ ಜಗಳ. ಎಲ್ಲ ದಾರಿಗೂ ಸರದಿಯಂತೆ ಒಂದೊಂದು ತುತ್ತು ಕೊಡಬೇಕು, ತಡವಾದರೂ ಪರವಾಗಿಲ್ಲ, ಯಾವ ಉತ್ತರವೂ ಉಪವಾಸ ಬೀಳಬಾರದು ಎಂದವರು ಮೇಷ್ಟ್ರು. ಮೊದಲು ಸಿಕ್ಕ ದಾರಿಯಲ್ಲಿ ಕೊನೆಯವರೆಗೂ ಹೋಗಿಬಿಡಿ, ಒಳ್ಳೆಯ ದಾರಿಯನ್ನು ಮೊದಲಿಡುವ ಬುದ್ಧಿ ಬರೆಯುವವನಿಗೆ ಇರಲಿ ಎಂದವರು ಪ್ರೊಫೆಸರಮ್ಮ. ಭಾಷೆ ಎರಡಾಯಿತು, ಕೋಣೆ ಎರಡಾಯಿತು, ಕೊನೆಗೆ ನಡುವೆ ನದಿಯೂ ಬಂತು. ಆಯಮ್ಮ ಬಿಟ್ಟುಹೋದಳು ಎಂದು ಮೇಷ್ಟ್ರು ತರಗತಿಯಲ್ಲಿ ಹೇಳುವಾಗ ದನಿ ಏರುತ್ತಿರಲಿಲ್ಲ, ಬೋರ್ಡಿನ ಮೇಲಿನ ಸುಣ್ಣದ ಕಡ್ಡಿ ಮಾತ್ರ ಪಟಕ್ಕನೆ ಮುರಿಯುತ್ತಿತ್ತು. ಅದು ಮುರಿಯುವ ಜಾಗ ಶಿಷ್ಯರಿಗೆಲ್ಲ ಬಾಯಿಪಾಠ. ಇಂಥವರಿಗೆ ನಾನೂ ಅಲ್ಲಿಗೇ ಹೊರಟೆ ಎಂದು ಹೇಳುವ ಸರದಿ ಅವಳದು.

ಈ ಸಲದ ಕಾರ್ಯಾಗಾರಕ್ಕೆ ಇಬ್ಬರೂ ಬರುತ್ತಾರೆ ಎಂದು ಗೊತ್ತಾದ ದಿನವೇ ಅವಳ ನಿದ್ದೆ ತೆಳುವಾಗಿತ್ತು. ಕಾರ್ಯಾಗಾರದ ಹೊಣೆ ಅವಳದೇ. ತರ್ಕದ ಭಾಷೆ, ಸಂಬಂಧದ ಭಾಷೆ ಎಂದು ತಲೆಕೆಡಿಸಿಕೊಂಡವರು ಎಲ್ಲೆಲ್ಲಿಂದಲೋ ವರ್ಷಕ್ಕೊಮ್ಮೆ ಸೇರುವುದು. ಎಲ್ಲರೂ ಒಂದೇ ಉದ್ದ ಮೇಜಿನಲ್ಲಿ ಊಟಕ್ಕೆ ಕೂರುವಷ್ಟೇ ಮಂದಿ. ಯಾರ ಪಕ್ಕ ಯಾರು ಕೂರಬೇಕು ಎನ್ನುವುದನ್ನು ಮನುಷ್ಯರು ತೀರ್ಮಾನಿಸುವ ಹಾಗಿಲ್ಲ, ಹೊಣೆ ಹೊತ್ತವರು ತಮ್ಮ ಭಾಷೆಯಲ್ಲೇ ಒಂದು ಪ್ರೋಗ್ರಾಂ ಬರೆದು ಅದರಿಂದ ಕೂರಿಸಬೇಕು, ಸಂಜೆಯ ಕೊನೆಯ ಗಂಟೆಯಲ್ಲಿ ಆ ಪ್ರೋಗ್ರಾಂ ಅನ್ನು ಪರದೆಯ ಮೇಲೆ ಎಲ್ಲರ ಮುಂದೆ ಬಿಚ್ಚಿಡಬೇಕು, ಯಾರು ಬೇಕಾದರೂ ಅದಕ್ಕೆ ಏನು ಬೇಕಾದರೂ ಕೇಳಬಹುದು. ಈ ಪದ್ಧತಿ ಹಾಕಿಕೊಟ್ಟವರು ಮೇಷ್ಟ್ರೇ. ಊಟಕ್ಕೆ ಕೂರಿಸೋಕೂ ಬಾರದ ಭಾಷೆ ಯಾಕ್ರಯ್ಯಾ ಬೇಕು, ಎಂದಿದ್ದರು. ಅವಳು ಮುತುವರ್ಜಿಯಿಂದ ನಿಯಮಗಳನ್ನು ಬರೆದಳು. ಒಂದೇ ವಿಭಾಗದವರು ಅಕ್ಕಪಕ್ಕ ಕೂಡದು. ಎಡಗೈಯಲ್ಲಿ ಉಣ್ಣುವವರು ಎಡ ತುದಿಗೆ. ಒಂದು ಕಿವಿ ಮಂದವಾದವರಿಗೆ ಇನ್ನೊಂದು ಕಿವಿಯ ಕಡೆ ಗಟ್ಟಿ ದನಿಯವರು. ಎಲ್ಲ ಮುಗಿದ ಮೇಲೆ, ಯಾರೂ ನೋಡುತ್ತಿಲ್ಲ ಎಂದು ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ಕೊನೆಗೆ ಒಂದು ಸಾಲು ಸೇರಿಸಿದಳು: ಮೇಷ್ಟ್ರ ಪಕ್ಕ ಪ್ರೊಫೆಸರಮ್ಮ ಕೂಡದು. ಊಟದ ಹೊತ್ತಿನಲ್ಲಿ ಅವರಿಬ್ಬರೂ ಮಾತಿಗೆ ಬಿದ್ದು ವಿಷಯ ಅವಳ ಬಾಯಿಂದಲ್ಲದೆ ಪ್ರೊಫೆಸರಮ್ಮನ ಬಾಯಿಂದ ಹೊರಬೀಳಬಾರದು, ಅಷ್ಟೇ ಅವಳ ಆಸೆ. ಕುರ್ಚಿಗಳ ಮುಂದಿಡುವ ಹೆಸರಿನ ಚೀಟಿಗಳು ಅಚ್ಚಾಗಲಿ, ಊಟ ಮುಗಿಯಲಿ, ಬಿಚ್ಚಿಡುವ ಗಂಟೆಗೆ ಮುಂಚೆ ಆ ಸಾಲನ್ನು ಅಳಿಸಿದರಾಯಿತು ಎಂದುಕೊಂಡಳು.

ಬೆಳಗಿನ ಭಾಷಣಗಳು ಚೆನ್ನಾಗಿಯೇ ನಡೆದವು. ಮೇಷ್ಟ್ರು ಎಂದಿನ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು, ಅದರೊಳಗೆ ತಮ್ಮದೇ ಸುಣ್ಣದ ಕಡ್ಡಿಯ ಡಬ್ಬಿ ಗಲಗಲ ಎನ್ನಿಸುತ್ತ ಬಂದರು. ನಿವೃತ್ತಿಯಾದ ಮೇಲೆ ಅವರು ಇನ್ನಷ್ಟು ಪುಟ್ಟವರಾಗಿದ್ದರು, ಕೋಟಿನ ತೋಳು ಬೆರಳಿನ ತನಕ ಇಳಿದಿತ್ತು. ಸಿಕ್ಕಸಿಕ್ಕವರಿಗೆಲ್ಲ ಅವಳನ್ನು ತೋರಿಸಿ, ಇವಳು ನನ್ನ ಕೊನೇ ಶಿಷ್ಯೆ, ಇಲ್ಲಿ ಈಗ ದೀಪ ಹಚ್ಚೋಳು ಇವಳೊಬ್ಬಳೇ, ಎಂದರು. ಅವಳು ನಕ್ಕಳು. ನಕ್ಕ ಪ್ರತಿಸಲವೂ ಒಳಗೆ ಒಂದು ಸುಳ್ಳು ಹೇಳಿದ ಹಾಗಾಯಿತು, ಸುಳ್ಳು ಹೇಳಿದ ಮಗುವಿನ ಹಾಗೆ ಕಿವಿ ಬಿಸಿಯಾಯಿತು. ಭಾಷಣದ ನಡುವೆ ಒಬ್ಬರು ಬಹಳ ದಿಟ್ಟವಾಗಿ ಒಂದು ಪ್ರಮೇಯವನ್ನು ಸಾಧಿಸುತ್ತಿದ್ದಾಗ ಅವಳು ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರ ತಲೆಯ ಹಿಂಭಾಗವನ್ನೇ ನೋಡುತ್ತಿದ್ದಳು. ಅಪ್ಪ ತೀರಿಕೊಂಡ ವರ್ಷ ಪ್ರಬಂಧ ಬಿಟ್ಟುಬಿಡುತ್ತೇನೆ ಎಂದು ಹೇಳಲು ಹೋದವಳನ್ನು ಈ ಮನುಷ್ಯ ಬಿಡಬೇಡ ಎನ್ನಲಿಲ್ಲ, ಕೂತ್ಕೋ ಎನ್ನಲಿಲ್ಲ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಇದು ನನಗೆ ಬಗೆಹರೀತಿಲ್ಲ ಕಣಮ್ಮ, ನೋಡು ಎಂದು ಕಡ್ಡಿಯನ್ನು ಅವಳ ಕೈಗೆ ಕೊಟ್ಟು, ತಾವು ಹೋಗಿ ಕಿಟಕಿಯ ಹತ್ತಿರ ಅವಳಿಗೆ ಬೆನ್ನು ಹಾಕಿ ನಿಂತಿದ್ದರು. ಅಳುವುದಕ್ಕೆ ಬೇಕಾದಷ್ಟು ಹೊತ್ತು ನಿಂತಿದ್ದರು. ಆ ಲೆಕ್ಕ ಅವರಿಗೆ ಬಗೆಹರಿಯದ್ದೇನೂ ಆಗಿರಲಿಲ್ಲ. ಚಪ್ಪಾಳೆ ಕೇಳಿ ಅವಳೂ ಚಪ್ಪಾಳೆ ತಟ್ಟಿದಳು.

ಊಟದ ಮನೆಯ ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕಳಿಸಿ, ಕೊನೆಯವರ ಹಿಂದೆ ತಾನೂ ಹೋದವಳು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು. ಕಿಟಕಿಯ ಕೆಳಗೆ, ಬಿಸಿಲು ಬೀಳುವ ಕಡೆ, ಮೇಷ್ಟ್ರು ತಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ತಂದುಕೊಂಡು ಓದುತ್ತಿದ್ದರು. ಅವರ ಎಡಗಡೆಯ ಕುರ್ಚಿಯಲ್ಲಿ, ಬೆಳ್ಳಿಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ ಪ್ರೊಫೆಸರಮ್ಮ, ಮಡಿಸಿದ ಕರವಸ್ತ್ರವನ್ನು ಬಿಚ್ಚುತ್ತಿದ್ದರು.

ತಪ್ಪು ಎಲ್ಲಿ ಎಂದು ತಿಳಿಯಲು ಅವಳಿಗೆ ಲ್ಯಾಪ್‌ಟಾಪ್ ತೆರೆಯಬೇಕಾಗಲಿಲ್ಲ. ಕುರ್ಚಿಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಬರೆದಿದ್ದಳು: ಇದರ ಪಕ್ಕ ಅದು, ಅದರ ಪಕ್ಕ ಮತ್ತೊಂದು. ಬಲದಿಂದ ಎಡಕ್ಕೆ ಬರೆದೇ ಇರಲಿಲ್ಲ. ಮೇಷ್ಟ್ರ ಪಕ್ಕ, ಎಂದರೆ ಬಲಪಕ್ಕ, ಪ್ರೊಫೆಸರಮ್ಮ ಇರಕೂಡದು. ಸರಿ, ಯಂತ್ರ ಎಡಕ್ಕೆ ಕೂರಿಸಿತು. ತರಗತಿಯ ಮೊದಲನೆಯ ದಿನ ಮೇಷ್ಟ್ರು ಒಬ್ಬ ಹುಡುಗನನ್ನೂ ಅವಳನ್ನೂ ಎಬ್ಬಿಸಿ ನಿಲ್ಲಿಸಿದ್ದರು. ಇವನು ಇವಳ ಪಕ್ಕ ಇದ್ದಾನೆ ಅಂತ ಬರೆದೆ, ಇವಳು ಇವನ ಪಕ್ಕ ಇದ್ದಾಳಾ ಅಂತ ಕೇಳಿದೆ, ಯಂತ್ರ ಏನನ್ನುತ್ತೆ? ಇಲ್ಲ ಅನ್ನುತ್ತೆ. ಅದಕ್ಕೆ ಕಣ್ಣಿಲ್ಲ ಕಣ್ರಯ್ಯಾ, ನೀವು ಹೇಳಿದ್ದಷ್ಟೇ ಅದರ ಲೋಕ. ಈಗ ಅವಳೂ ಪ್ರತಿವರ್ಷ ಮೊದಲ ದಿನ ಇಬ್ಬರನ್ನು ಎಬ್ಬಿಸಿ ನಿಲ್ಲಿಸುತ್ತಾಳೆ, ಹೋದ ವರ್ಷ ಒಬ್ಬಳೇ ಹುಡುಗಿ ಇದ್ದುದರಿಂದ ಅವಳ ಪಕ್ಕ ತಾನೇ ನಿಂತಿದ್ದಳು. ಹೊರಗಿನವರು ಯಾರಾದರೂ ಕೈಯಲ್ಲಿ ಚೀಟಿ ಇಟ್ಟು ಕೂರಿಸಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಇದು ಕಲಿತವರಷ್ಟೇ ಮಾಡಬಹುದಾದ ತಪ್ಪು ಎನ್ನಿಸಿ, ಆ ಗಾಬರಿಯಲ್ಲೂ ಎಲ್ಲೋ ಒಂದು ಕಡೆ ನಗು ಬಂತು.

ಹೋಗಿ ನಡುವೆ ಕುಳಿತುಬಿಡೋಣ ಎಂದರೆ ಕುರ್ಚಿ ಇಲ್ಲ. ಕ್ಯಾಂಟೀನಿನವಳು ಟ್ರೇ ಹಿಡಿದು ಬಂದು, ಮೇಡಂ, ನಿಮ್ಮ ಚೀಟಿ ಎಲ್ಲೂ ಕಾಣ್ತಿಲ್ವಲ್ಲ, ಎಂದಳು. ಇದ್ದರಲ್ಲವೇ ಕಾಣುವುದು. ಎಲ್ಲರನ್ನೂ ಬರೆದವಳು ತನ್ನನ್ನು ಬರೆದುಕೊಳ್ಳುವುದನ್ನು ಮರೆತಿದ್ದಳು. ನನಗೆ ನಿಂತು ತಿಂದೇ ಅಭ್ಯಾಸ ಎಂದು ಹೇಳಿ, ಕೈತೊಳೆಯುವ ಜಾಗದ ಹತ್ತಿರದ ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡಳು. ಅಲ್ಲಿಂದ ಅವರ ಮಾತು ಕೇಳಿಸದು, ಬಾಯಿ ಆಡುವುದು ಮಾತ್ರ ಕಾಣುತ್ತದೆ. ಮೊದಮೊದಲು ಇಬ್ಬರ ಬಾಯಿಯೂ ಸೂಪಿಗಷ್ಟೇ ತೆರೆಯಿತು. ಆಮೇಲೆ ಮೇಷ್ಟ್ರು ಏನೋ ಹೇಳಿದರು, ತಟ್ಟೆಗೆ ಹೇಳುವವರ ಹಾಗೆ. ಪ್ರೊಫೆಸರಮ್ಮನ ಚಮಚ ಗಾಳಿಯಲ್ಲಿ ನಿಂತಿತು. ಅಯ್ಯೋ, ಆಯಿತು, ಈಗ ಹೇಳಿಬಿಡುತ್ತಾರೆ ಎಂದುಕೊಂಡಳು. ಆದರೆ ಮೇಷ್ಟ್ರು ತಿರುಗಿ ಅವಳನ್ನು ಹುಡುಕಲಿಲ್ಲ. ಪ್ರೊಫೆಸರಮ್ಮ ಉದ್ದುದ್ದ ಏನೋ ಹೇಳಿದರು, ಕೈಯಲ್ಲಿ ಒಂದು ಮೇಜಿನ ಅಗಲವನ್ನು ತೋರಿಸಿದರು. ಮೇಷ್ಟ್ರು ತಲೆ ತಗ್ಗಿಸಿ ಬ್ರೆಡ್ಡಿನ ಚೂರುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸಾಲಾಗಿಡುತ್ತ ಕೇಳಿದರು. ಅವರು ಇಷ್ಟು ಹೊತ್ತು ಬಾಯಿಮುಚ್ಚಿ ಯಾರ ಮಾತನ್ನೂ ಕೇಳಿದ್ದನ್ನು ಅವಳು ಕಂಡಿರಲಿಲ್ಲ. ಅಳಿಸಬೇಕಾದ ಆ ಸಾಲು ಅವಳಿಗೆ ನೆನಪೇ ಆಗಲಿಲ್ಲ. ಅನ್ನ ಪಲ್ಯ ಆರಿ ತಣ್ಣಗಾಯಿತು.

ಊಟ ಮುಗಿಸಿ ಕೈತೊಳೆಯಲು ಬಂದ ಪ್ರೊಫೆಸರಮ್ಮ ನಲ್ಲಿ ತಿರುಗಿಸುತ್ತ, ಅವಳತ್ತ ನೋಡದೆಯೇ ಮಾತಿಗಿಳಿದರು.

"ನಿಮ್ಮ ಮೇಷ್ಟ್ರಿಗೆ ನೀನಿನ್ನೂ ಹೇಳಿಲ್ಲ."

"ಇವತ್ತು ಹೇಳೋಣ ಅಂತ ಇದ್ದೆ ಮೇಡಂ. ನೀವು..."

"ನಾನು ಹೇಳಲಿಲ್ಲ. ಇವಳ ಮೇಲೆ ಇಲ್ಲೆಲ್ಲ ನಿಂತಿದೆ ಅಂತ ಅವರು ನನಗೇ ಜಂಬ ಕೊಚ್ಕೊಂಡ್ರು, ಆಗ ಗೊತ್ತಾಯ್ತು. ಅದು ನಿನ್ನ ಮಾತಮ್ಮ, ನಾನ್ಯಾಕೆ ಎತ್ಕೊಂಡು ಓಡ್ಲಿ."

ಆಮೇಲೆ ಕೈ ಒರೆಸಿಕೊಳ್ಳುತ್ತ, ಹೇಳಲೋ ಬೇಡವೋ ಎನ್ನುವ ಹಾಗೆ ನಿಂತು, ಅವರಿಬ್ಬರ ನಡುವೆ ಆದ ಮಾತನ್ನು ಹೇಳಿದರು. ಜಗಳವಾದ ವರ್ಷ ಒಂದು ಬೆಳಿಗ್ಗೆ ಪ್ರೊಫೆಸರಮ್ಮ ಕೋಣೆಗೆ ಬಂದಾಗ ಅವರ ಮೇಜು ಕಾರಿಡಾರಿನಲ್ಲಿತ್ತು. ಕೋಣೆಗೆ ಬಣ್ಣ ಹೊಡೆಸುತ್ತಿದ್ದಾರೆ ಎಂದು ಯಾರೋ ಹೇಳಿದರು. ಬಣ್ಣ ಒಣಗಿತು, ವಾಸನೆಯೂ ಹೋಯಿತು, ಮೇಜು ಒಳಗೆ ಬರಲಿಲ್ಲ, ತರಿಸಿಕೋ ಎಂದು ಮೇಷ್ಟ್ರು ಹೇಳಲೂ ಇಲ್ಲ. ಹೋಗಿ ಬರುವವರ ಮೊಣಕೈ ತಾಗಿಸಿಕೊಳ್ಳುತ್ತ ಒಂದು ಚಳಿಗಾಲ ಅಲ್ಲೇ ಕೂತು ಬರೆದು, ಬೇಸಗೆಯಲ್ಲಿ ನದಿ ದಾಟಿದ್ದರು. ಇವತ್ತು ಸೂಪು ಕುಡಿಯುತ್ತ ಮೇಷ್ಟ್ರು ತಾವಾಗಿಯೇ ಕೇಳಿದರಂತೆ: ಆ ಮೇಜನ್ನ ನಾನೇ ಒಳಗೆ ತರಬೇಕಿತ್ತು, ಅಲ್ವಾ? ಅದು ಅವಳಿಗೆ ಗೊತ್ತಿರಲಿಲ್ಲ. ಬಿಟ್ಟುಹೋದಳು ಎನ್ನುವಾಗ ಸುಣ್ಣದ ಕಡ್ಡಿ ಮುರಿಯುವುದಷ್ಟೇ ಅವಳಿಗೆ ಗೊತ್ತಿದ್ದದ್ದು, ಕಾರಿಡಾರಿನ ಮೇಜು ಬೋರ್ಡಿಗೆ ಬಂದೇ ಇರಲಿಲ್ಲ.

ಬಿಚ್ಚಿಡುವ ಗಂಟೆ ಬಂದಾಗ ಅವಳಿಗೆ ಆ ಸಾಲು ನೆನಪಾಯಿತು. ಅಷ್ಟರಲ್ಲಿ ತಡವಾಗಿತ್ತು. ಹೊಣೆ ಹೊತ್ತವರ ಪ್ರೋಗ್ರಾಂ ಅನ್ನು ತೆರೆದು ತೋರಿಸುವ ಕೆಲಸ ಪ್ರತಿವರ್ಷ ಬರುವ ಗಡ್ಡದವನೊಬ್ಬನದು. ಎಲ್ಲರ ಕಾಲೆಳೆಯುವುದು ಅವನ ಹುಟ್ಟುಗುಣ, ಊಟಕ್ಕೆ ಮುಂಚೆಯೇ ಅವಳ ಪ್ರೋಗ್ರಾಂ ಅನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ. ಪರದೆ ಬೆಳಗಿತು. ಮೊದಲ ಪ್ರಶ್ನೆ ಅವನೇ ಕೇಳಿದ: ಇಷ್ಟೆಲ್ಲ ಜನರನ್ನು ಕೂರಿಸಿದ ಪುಣ್ಯಾತ್ಗಿತ್ತಿ ಯಾವ ಕುರ್ಚಿಯಲ್ಲಿ ಕೂತಳು? ಯಂತ್ರ ಹುಡುಕಿ, ಇಲ್ಲ, ಎಂದಿತು. ಕೋಣೆಯೆಲ್ಲ ನಗು. ಅವಳೂ ನಕ್ಕಳು, ಆ ನಗುವಿಗೆ ಒಳಗೆ ಯಾವ ಸುಳ್ಳೂ ಇರಲಿಲ್ಲ. ಎಡಗೈಯವರ ನಿಯಮಕ್ಕೆ ಯಾರೋ ಭೇಷ್ ಎಂದರು. ಮಂದ ಕಿವಿಯವರು ತಮಗೆ ಊಟದುದ್ದಕ್ಕೂ ಪಕ್ಕದವನ ಮಾತು ಕೇಳಿಸಿಯೇ ಸಾಕಾಯಿತು ಎಂದು ದೂರು ಕೊಟ್ಟರು. ಗಡ್ಡದವನು ಕೆಳಕ್ಕೆ ಕೆಳಕ್ಕೆ ಸರಿಸುತ್ತ ಹೋದ. ಕೊನೆಯ ಸಾಲು ಪರದೆಯ ಮೇಲೆ ಬಂತು, ದೊಡ್ಡದಾಗಿ, ಬಿಳಿಯ ಮೇಲೆ ಕಪ್ಪಾಗಿ. ಗಡ್ಡದವನು ಓದಲು ಬಾಯಿ ತೆರೆದವನು ಓದಲಿಲ್ಲ. ಹಾಗೇ ಸರಿಸಿಬಿಡಲು ಅವನ ಬೆರಳು ಹವಣಿಸಿತು.

"ಇರಲಿ, ಬಿಡು," ಎಂದರು ಮೇಷ್ಟ್ರು ಮೊದಲ ಸಾಲಿನಿಂದ.

ನಗುವಿನ ಕೊನೆ ಎಲ್ಲೋ ಹಿಂದಿನ ಕುರ್ಚಿಗಳಲ್ಲಿ ಆರಿತು. ಅವಳಿಗೆ ತಾನು ಬೋರ್ಡಿನ ಪಕ್ಕ ನಿಂತಿದ್ದೇನೆ ಎನ್ನುವುದು, ಕೈಗಳನ್ನು ಎಲ್ಲಿಡಬೇಕು ಎಂದು ಗೊತ್ತಿಲ್ಲ ಎನ್ನುವುದು ಒಮ್ಮೆಲೇ ತಿಳಿಯಿತು. ಮೇಷ್ಟ್ರು ಕನ್ನಡಕ ತೆಗೆದು ಕೋಟಿನ ತೋಳಿಗೆ ಒರೆಸಿ ಹಾಕಿಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದರು.

"ಇದನ್ನ ಯಾಕೆ ಬರೆದೆ ಅಂತ ಕೇಳಲ್ಲ. ಒಂದೇ ಕಡೆಯಿಂದ ಯಾಕೆ ಬರೆದೆ?"

ಕೈತಪ್ಪು ಎನ್ನಬಹುದಿತ್ತು. ಕುರ್ಚಿಗಳ ಸಾಲನ್ನು ತೋರಿಸಿ, ಇದೋ ಇಲ್ಲಿ ಇನ್ನೊಂದು ದಿಕ್ಕು ಬಿಟ್ಟುಹೋಗಿದೆ ಎಂದು ಒಂದು ಗೆರೆ ಎಳೆದಿದ್ದರೆ ಎಲ್ಲರೂ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆ ಸಾಲು ಬರೆಯುವಾಗ ತನ್ನ ಕಣ್ಣ ಮುಂದೆ ಇದ್ದದ್ದು ಒಂದೇ ಮುಖ ಎನ್ನುವುದು ಅವಳಿಗೆ ಈಗ ಕಾಣಿಸಿತು. ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತ ಆ ಪುಟ್ಟ ಮನುಷ್ಯನದು. ಇನ್ನೊಂದು ಕುರ್ಚಿಯಲ್ಲಿ ಕೂರುವವರಿಗೆ ಮುಖವೇ ಇರಲಿಲ್ಲ, ದೂರ ಇಡಬೇಕಾದ ಒಂದು ಹೆಸರಿತ್ತು ಅಷ್ಟೆ.

"ನಿಮಗೆ ಬೇಜಾರಾಗುತ್ತೆ ಅಂತ ಮಾತ್ರ ಯೋಚಿಸಿದ್ದೆ ಸರ್," ಎಂದಳು. "ಮೇಡಂಗೂ ಬೇಜಾರಾಗಬಹುದು ಅಂತ ನನಗೆ ಹೊಳೀಲೇ ಇಲ್ಲ."

ಪ್ರೊಫೆಸರಮ್ಮ ಪರದೆಯನ್ನೇ ನೋಡುತ್ತಿದ್ದರು.

"ಇಷ್ಟು ವರ್ಷ ಇಲ್ಲಿ ಯಾರಿಗೂ ಹೊಳೆದಿರಲಿಲ್ಲ ಬಿಡಮ್ಮ," ಎಂದರು ಅವರು, ಬೇಸರವಿಲ್ಲದ ದನಿಯಲ್ಲಿ, ಹವಾಮಾನ ಹೇಳುವವರ ಹಾಗೆ. ಮೇಷ್ಟ್ರು ಹೂಂ ಎಂದರು. ಯಾರಿಗೆ ಹೂಂ ಎಂದರೋ. ಗಡ್ಡದವನು ಲ್ಯಾಪ್‌ಟಾಪ್ ಮುಚ್ಚಿ, ಟೀ ಆರುತ್ತದೆ ಎಂದು ಎಲ್ಲರನ್ನೂ ಎಬ್ಬಿಸಿದ. ಅವನಿಗೆ ಇಂಥ ಬುದ್ಧಿಯೂ ಇದೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

ಎಲ್ಲರೂ ಹೋದ ಮೇಲೆ ಮೇಷ್ಟ್ರು ಉಳಿದರು. ಯಾರು ಬರೆದ ಬೋರ್ಡೇ ಆಗಲಿ, ಒರೆಸದೆ ಕೋಣೆ ಬಿಡುವ ಅಭ್ಯಾಸ ಅವರಿಗಿಲ್ಲ. ಎತ್ತರದ ಸಾಲುಗಳಿಗೆ ತುದಿಗಾಲಲ್ಲಿ ನಿಲ್ಲುತ್ತಿದ್ದರು. ಅವಳು ಇನ್ನೊಂದು ಡಸ್ಟರ್ ತೆಗೆದುಕೊಂಡು ಆ ತುದಿಯಿಂದ ಶುರುಮಾಡಿದಳು. ಬೆಳಿಗ್ಗೆ ಯಾರೋ ಸಾಧಿಸಿದ ಪ್ರಮೇಯ ಅವಳ ಕೈಕೆಳಗೆ ಬಿಳಿಯ ಹೊಗೆಯಾಗಿ ಹೋಯಿತು. ಇಬ್ಬರೂ ನಡುವಿಗೆ ಬಂದರು.

"ಮುಂದಿನ ತಿಂಗಳಿಂದ ನಾನು ಪ್ರೊಫೆಸರಮ್ಮನವರ ವಿಭಾಗಕ್ಕೆ ಸೇರ್ತಿದ್ದೀನಿ ಸರ್."

ಇನ್ನೊಂದು ವಾಕ್ಯ ಮೊದಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಮೇಷ್ಟ್ರು ಆಗಲೇ ಒರೆಸಿದ್ದ ಜಾಗವನ್ನು ಮತ್ತೆ ಒರೆಸಿದರು. ಅದನ್ನೇ ಇನ್ನೊಮ್ಮೆ ಒರೆಸಿದರು. ಅವರ ಕಿವಿಯ ತುದಿಯಲ್ಲಿ ಸುಣ್ಣದ ಪುಡಿ ಅಂಟಿತ್ತು.

"ಅದಕ್ಕಾ ನಮ್ಮನ್ನ ದೂರ ಕೂರಿಸೋಕೆ ನೋಡಿದ್ದು?"

"ಹೂಂ ಸರ್."

"ಆಯಮ್ಮ ಊಟಕ್ಕೆ ಕೂತಾಗ ಇದರ ಸುದ್ದೀನೇ ಎತ್ತಲಿಲ್ಲ."

"ನಾನೇ ಹೇಳಬೇಕಾದ ಮಾತು ಅಂತ ಬಿಟ್ರು."

ಅವರು ಡಸ್ಟರನ್ನು ಅದರ ಜಾಗದಲ್ಲಿಟ್ಟರು. ಅಂಗೈಗಳನ್ನು ಒಂದಕ್ಕೊಂದು ತಟ್ಟಿಕೊಂಡರು, ಪುಡಿ ಎದ್ದು ಇಳಿಯುವ ತನಕ ಅದನ್ನೇ ನೋಡಿದರು. ಬೇಜಾರಾಗಿದೆ ಕಣಮ್ಮ, ಎಂದರು. ಆಗಿಲ್ಲ ಅಂತ ಹೇಳೋ ದೊಡ್ಡತನ ನನಗಿಲ್ಲ. ಹಾಗೆ ಹೇಳಿ ಚೀಲವನ್ನು ಹೆಗಲಿಗೇರಿಸಿ ಬಾಗಿಲ ತನಕ ಹೋದವರು ನಿಂತು, ಅಲ್ಲಿ ಗೋಡೆಗೆ ಬೋರ್ಡು ಇದೆಯೇ ಇಲ್ಲ ಬರೀ ಪರದೆಯೋ ಎಂದು ಕೇಳಿದರು. ಬೋರ್ಡು ಇದೆ, ಗೋಡೆಯುದ್ದಕ್ಕೂ ಇದೆ ಎಂದಳು.

"ತಡವಾಗಿ ಬಂದೋರನ್ನ ಅವಳು ಒಳಗೆ ಬಿಡಲ್ಲ, ನೆನಪಿಟ್ಕೋ. ನೀನು ದಿನಾ ತಡ," ಎಂದು ಹೊರಟುಹೋದರು. ಡಬ್ಬಿಯೊಳಗಿನ ಕಡ್ಡಿಗಳ ಗಲಗಲ ಕಾರಿಡಾರಿನಲ್ಲಿ ದೂರವಾಯಿತು.

ಅವಳು ಕುರ್ಚಿಗಳನ್ನು ಸರಿಪಡಿಸಿದಳು, ಪ್ರೊಜೆಕ್ಟರ್ ಆರಿಸಿದಳು, ಕಿಟಕಿಗಳ ಚಿಲಕ ಹಾಕಿದಳು. ಎದೆಯೊಳಗೆ ಇಷ್ಟು ದಿನ ಏನೋ ಕೂತಿದ್ದ ಜಾಗ ಖಾಲಿಯಾಗಿ, ಆ ಖಾಲಿಗೆ ಇನ್ನೂ ಏನು ತುಂಬಬೇಕೆಂದು ತಿಳಿಯದೆ, ಸುಮ್ಮನೆ ಗಾಳಿಯಾಡುತ್ತಿತ್ತು. ಬೇಜಾರಾಗಿದೆ ಎಂದರಲ್ಲ. ಅದು ಅವರು ಅವಳಿಗೆ ಹೇಳಿದ ಮಾತು, ತರಗತಿಗೆ ಹೇಳಿದ್ದಲ್ಲ, ಕಡ್ಡಿ ಮುರಿದಿರಲಿಲ್ಲ. ಗಂಡನಿಗೆ ಫೋನು ಮಾಡಿ ಹೇಳಿಯಾಯಿತು ಎಂದಳು. ಫ್ರೇಮು ಆರಿಸಿದ್ರಾ, ಎಂದು ಅವನು ಕೇಳಿದ. ಇನ್ನೂ ಕನ್ನಡಿ ಮುಂದೆ ಕೂತಿದ್ದಾರೆ, ಎಂದಳು.

ಊಟದ ಮನೆಯಲ್ಲಿ ಟೀಗೆ ಚೀಟಿಗಳಿರಲಿಲ್ಲ, ಸಿಕ್ಕ ಕಡೆ ಕೂತವರು ಕೂತಿದ್ದರು, ಜಾಗವೆಲ್ಲ ತುಂಬಿತ್ತು. ಬಾಗಿಲಿಗೆ ಬರುವ ಮೊದಲೇ ಎರಡು ದನಿಗಳು ಕೇಳಿಸಿದವು. ನಿನ್ನ ದಾರಿ ಕೊನೇನೇ ಇಲ್ಲದ ಬಾವಿಗಿಳಿದ್ರೆ ಉಳಿದ ಉತ್ತರಗಳ ಗತಿ ಏನು ಎಂದು ಒಂದು. ಎಲ್ಲರಿಗೂ ಒಂದೊಂದು ತುತ್ತು ಹಂಚ್ತಾ ಕೂತ್ಕೋ, ಕೊನೇ ತುತ್ತು ಬರೋದ್ರೊಳಗೆ ಹಸಿದೋನೇ ಇರಲ್ಲ ಎಂದು ಇನ್ನೊಂದು. ಕಿಟಕಿಯ ಕೆಳಗೆ, ಬಿಸಿಲು ಇಳಿದುಹೋದ ಅದೇ ಜಾಗದಲ್ಲಿ, ಮೇಷ್ಟ್ರು ಮೇಜಿನ ಮೇಲೇ ಸುಣ್ಣದ ಕಡ್ಡಿಯಲ್ಲಿ ಕವಲುಕವಲಾಗಿ ಏನೋ ಬರೆಯುತ್ತಿದ್ದರು. ಅವರು ಬರೆದದ್ದನ್ನು ಪ್ರೊಫೆಸರಮ್ಮ ಹೆಬ್ಬೆರಳಿನಿಂದ ಅಳಿಸಿ ತಾವು ಬರೆಯುತ್ತಿದ್ದರು. ಅಕ್ಕಪಕ್ಕದವರು ತಮ್ಮ ಟೀ ಲೋಟಗಳನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡಿದ್ದರು. ಇಬ್ಬರ ನಡುವಿನ ಕುರ್ಚಿಯ ಮೇಲೆ ಬಟ್ಟೆಯ ಚೀಲವಿತ್ತು.

ಲೋಟ ಹಿಡಿದು ಅವಳು ಅಲ್ಲಿಯ ತನಕ ಹೋದಳು. ಮೇಷ್ಟ್ರು ಮಾತು ನಿಲ್ಲಿಸಲಿಲ್ಲ, ಅವಳತ್ತ ನೋಡಲೂ ಇಲ್ಲ. ಕವಲುಗಳಲ್ಲಿ ಒಂದನ್ನು ಮೇಜಿನ ಅಂಚಿನ ತನಕ ಎಳೆಯುತ್ತ, ಇನ್ನೊಂದು ಕೈಯಿಂದ ಚೀಲವನ್ನೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.